ಬಾರ್ಕಾ ದಂಡೆಯ ಎರಡು ಪುದೀನ

ಟಾಲಿಸ್ ಬೆಂಡ್‌ನಲ್ಲಿ ಯಾರಿಗಾದರೂ ನೆಗಡಿ ಹಿಡಿದರೆ ಮೊದಲು ಹೋಗುತ್ತಿದ್ದುದು ಔಷಧಿ ಅಂಗಡಿಗಲ್ಲ, ಎಲ್ವಿ ಕಾರಿಕ್‌ಳ ಹಿತ್ತಲಿಗೆ. ಗೇಟಿನ ತಂತಿ ಬಿಚ್ಚಿ, ಮೇಲೆ ಹಾರಿಬರುವ ನಾಯಿಗೆ ಎರಡು ಮಾತು ಬೈದು, ಬೇಲಿಯುದ್ದಕ್ಕೂ ಮಲಗಿಸಿದ್ದ ಹಳೇ ಲಾರಿ ಟೈರುಗಳ ಹತ್ತಿರ ಬಗ್ಗಿದರೆ ಸಾಕು, ಪುದೀನದ ಘಮ ಮುಖಕ್ಕೆ ರಾಚುತ್ತಿತ್ತು. ಟೈರುಗಳ ಒಳಗೆ ಮಣ್ಣು ತುಂಬಿ ಬೆಳೆಸಿದ ಗಿಡ ಅದು. ಎಲ್ವಿ ಮನೆಯಲ್ಲಿದ್ದರೆ ಅಡುಗೆಮನೆಯ ಕಿಟಕಿಯಿಂದಲೇ ಕೂಗುತ್ತಿದ್ದಳು.

"ಬೇರು ಗೀರು ಕಿತ್ತೀಯ, ಹುಷಾರ್! ತುದಿ ಮಾತ್ರ ಚಿವುಟ್ಕೋ!"

"ಆಯ್ತು ಆಂಟಿ ಎಲ್ವಿ."

"ನಿಮ್ಮಮ್ಮಂಗೆ ಹೇಳು, ಹೊಸಕಿ ಮೂಸ್ಬೇಕು. ಟೀಗೆ ಹಾಕಿ, ಮೇಲೆ ಸಕ್ಕರೆ ಸುರ್ಕೊಂಡು ಕುಡಿಯೋದಲ್ಲ ಅಂತ."

ಎಲ್ವಿಗೆ ಅರವತ್ತು ದಾಟಿತ್ತು. ಊರಿನ ಶಾಲೆಯ ಅಡುಗೆಮನೆ ಅವಳ ಕೈಯಲ್ಲಿತ್ತು. ಬೆಳಗ್ಗೆ ಮಕ್ಕಳಿಗೆ ತಿಂಡಿ, ಮಧ್ಯಾಹ್ನ ಊಟ, ನಡುವೆ ಯಾರ ಮೂಗು ಸೋರುತ್ತಿದೆ, ಯಾರು ಮನೆಯಿಂದ ಹಸಿದು ಬಂದಿದ್ದಾರೆ ಎಂದು ಗಮನಿಸುವುದು. ದಪ್ಪ ತೋಳು, ಸಣ್ಣ ಪಾದ, ಬೀದಿಯ ಆ ತುದಿಗೂ ಕೇಳುವ ನಗು. ಗಂಡ ರೋಲಿ ಕುರಿ ತುಪ್ಪಟ ಕತ್ತರಿಸುವ ಕೆಲಸದಲ್ಲಿ ಬೆನ್ನು ಮುರಿದುಕೊಂಡು, ಈಗ ಮೀನು ಹಿಡಿಯುವುದನ್ನೇ ಕೆಲಸ ಎಂದುಕೊಂಡಿದ್ದ. ಮೀನು ಸಿಗದ ದಿನ ಹೊಳೆಯನ್ನು ಬೈಯುತ್ತಿದ್ದ, ಸಿಕ್ಕ ದಿನ ತನ್ನನ್ನು ಹೊಗಳಿಕೊಳ್ಳುತ್ತಿದ್ದ. ಆ ಹೊಳೆ ನಕಾಶೆಯಲ್ಲಿ ಡಾರ್ಲಿಂಗ್ ನದಿ. ಅದರ ಮಕ್ಕಳಾದ, ಎಲ್ವಿಯ ಕಡೆಯವರಾದ ಮೂಲನಿವಾಸಿ ಬಾರ್ಕಿಂಜಿ ಜನರಿಗೆ ಎಂದಿನಿಂದಲೂ ಬಾರ್ಕಾ.

ಪುದೀನ ಎಲ್ವಿಗೆ ಬಂದದ್ದು ಅಜ್ಜಿಯಿಂದ. ಊರಿಗೆಲ್ಲ ನ್ಯಾನ್ ಐವಿ, ಅಂದರೆ ಐವಿಯಜ್ಜಿ ಎಂದೇ ಪರಿಚಿತಳಾಗಿದ್ದ ಆ ಅಜ್ಜಿ, ಎಲ್ವಿ ಚಿಕ್ಕವಳಿದ್ದಾಗ ಅವಳ ಅಂಗೈಯಲ್ಲಿ ಎಲೆಯಿಟ್ಟು ಮುಷ್ಟಿ ಕಟ್ಟಿಸಿ, ಬಿಚ್ಚಿಸಿ, ಮೂಗಿಗೆ ಹಿಡಿಸುತ್ತಿದ್ದಳು. "ಇದು ಹೊಳೇದು ಮಗಾ. ನಮ್ಮ ಹಿರೀಕರದ್ದು. ಕಾಂಡ ಮುಟ್ನೋಡು, ನಾಲ್ಕು ಮೂಲೆ ಸಿಗುತ್ತೆ. ನೆಗಡಿಗೆ ಮೂಸ್ಬೇಕು, ತಲೆನೋವಿಗೆ ಹಣೆಗೆ ಕಟ್ಬೇಕು, ಮೀನು ಸುಡುವಾಗ ಕೆಂಡದ ಮೇಲೆ ಹಾಸ್ಬೇಕು." ಗಿಡಕ್ಕೆ ಹಳೆಯ ಮಾತಿನಲ್ಲಿ ಒಂದು ಹೆಸರೂ ಇತ್ತು. ಅದು ಮಾತ್ರ ಅಜ್ಜಿಗೆ ನೆನಪಾಗಲಿಲ್ಲ. "ಬರುತ್ತೆ, ಬರುತ್ತೆ, ನಾಲಿಗೆ ತುದೀಲೇ ಇದೆ" ಎನ್ನುತ್ತಿದ್ದಳು. ಬರಲೇ ಇಲ್ಲ. ಹೊಳೆದಂಡೆಯ ತಗಡಿನ ಮನೆಗಳನ್ನು ಬಿಟ್ಟು ಊರೊಳಗಿನ ಸರ್ಕಾರಿ ಮನೆಗಳಿಗೆ ಬಂದಾಗ ಟ್ರಕ್ಕಿಗೆ ಮೊದಲು ಏರಿದ್ದು ಹಾಸಿಗೆಯಲ್ಲ, ಪುದೀನದ ಡಬ್ಬ. ಅಜ್ಜಿಯ ನಂತರ ಅದನ್ನು ಎಲ್ವಿಯ ತಾಯಿ ಜಾಯ್ಸಿ ನೋಡಿಕೊಂಡಳು, ಜಾಯ್ಸಿಯ ನಂತರ ಎಲ್ವಿ.

ಎಲ್ವಿ ಅದನ್ನು ಬೆಳೆಸುವುದಷ್ಟೇ ಅಲ್ಲ, ಹಂಚಿದಳು. ಆಸ್ಪತ್ರೆಯ ಅಂಗಳಕ್ಕೆ ಕೊಟ್ಟಳು, ಶಾಲೆಯ ತೋಟಕ್ಕೆ ಕೊಟ್ಟಳು, ಪಟ್ಟಣ ಸೇರಿದ ಸೋದರ ಸೊಸೆಯರಿಗೆ ಒದ್ದೆ ಕಾಗದದಲ್ಲಿ ಸುತ್ತಿ ಕಳಿಸಿದಳು. ಶಾಲೆಯ ಗೋಡೆಯ ಮೇಲೆ ಮಕ್ಕಳು ಬಿಡಿಸಿದ ಚಿತ್ರದಲ್ಲಿ ಹೊಳೆಯಿತ್ತು, ಎಮು ಹಕ್ಕಿಯಿತ್ತು, ಕೈತುಂಬ ಹಸಿರು ಹಿಡಿದ ಎಲ್ವಿಯೂ ಇದ್ದಳು. ಕೆಳಗೆ ದೊಡ್ಡ ಅಕ್ಷರದಲ್ಲಿ: ಆಂಟಿ ಎಲ್ವಿಯ ಹೊಳೆಪುದೀನ.

ಇದನ್ನು ಒಪ್ಪದವಳು ಒಬ್ಬಳೇ. ಹೊಳೆಯ ಕೆಳಭಾಗದ ಊರಿನಲ್ಲಿದ್ದ ವರ್ನಾ. ಎಲ್ವಿಯ ದೊಡ್ಡಮ್ಮ ರೂಬಿಯ ಮಗಳು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಕಂಬಳಿಯಲ್ಲಿ ಮಲಗಿ, ಒಬ್ಬಳ ಬಟ್ಟೆ ಇನ್ನೊಬ್ಬಳು ಹಾಕಿಕೊಂಡು ಬೆಳೆದವರು. ಜಾಯ್ಸಿ ತೀರಿಕೊಂಡಾಗ ಎಲ್ವಿ ತಾಯಿಯ ಶವಪೆಟ್ಟಿಗೆಯ ಮೇಲೆ ಪುದೀನದ ಒಂದು ಕಟ್ಟು ಇಟ್ಟಿದ್ದಳು. ಮಣ್ಣು ಮುಗಿಸಿ ಎಲ್ಲರೂ ಸಭಾಂಗಣದಲ್ಲಿ ಊಟಕ್ಕೆ ಕೂತಿದ್ದಾಗ ವರ್ನಾ ಹತ್ತಿರ ಬಂದು, ಅವಳ ಪ್ರಕಾರ ಮೆಲ್ಲಗೆ, ಬೇರೆಯವರ ಪ್ರಕಾರ ಊರಿಗೆಲ್ಲ ಕೇಳುವ ಹಾಗೆ ಹೇಳಿದಳು:

"ತಂಗಿ, ಒಂದ್ಮಾತು ಹೇಳ್ತೀನಿ ಬೇಜಾರ್ ಮಾಡ್ಕೋಬೇಡ. ಆ ಪುದೀನ ಹೊಳೇದಲ್ಲ ಕಣೇ. ಅದು ತೋಟದ್ದು. ಬಿಳಿಯರ ಪುದೀನ."

ಎಲ್ವಿ ಎದ್ದು ನಿಂತಳು. "ನಮ್ಮಮ್ಮನ ಮೇಲೆ ಹಾಕಿದ ಮಣ್ಣು ಇನ್ನೂ ಒಣಗಿಲ್ಲ. ಇವತ್ತೇ ಬೇಕಿತ್ತಾ ನಿಂಗೆ? ನಡಿ ಆಚೆ."

"ಪೂರ್ತಿ ಕೇಳಾದ್ರೂ ಕೇಳೇ..."

"ನಡೀ ಅಂದೆ!"

ವರ್ನಾ ನಡೆದಳು. ಹೋಗುವಾಗ ತಾನು ಮಾಡಿ ತಂದಿದ್ದ ಸಿಹಿಯ ದೊಡ್ಡ ಬೋಗುಣಿಯನ್ನೂ ಎತ್ತಿಕೊಂಡು ಹೋದಳು. ಇನ್ನೂ ಬಡಿಸಿಕೊಳ್ಳದೆ ಕಾದಿದ್ದ ರೋಲಿ ಈ ಸಂಗತಿಗಾಗಿ ಇಬ್ಬರನ್ನೂ ಕ್ಷಮಿಸಲಿಲ್ಲ. ಅಂದಿನಿಂದ ಅಕ್ಕತಂಗಿಯರ ಮಾತು ನಿಂತಿತು. ಬೇರೆಯವರ ಮಣ್ಣಿಗೆ ಹೋದಾಗಲೂ ಒಬ್ಬಳು ಆ ಮೂಲೆ, ಒಬ್ಬಳು ಈ ಮೂಲೆ.

ವರ್ಷಗಳು ಹೀಗೇ ಕಳೆದವು. ಹೊಳೆ ಬತ್ತಿತು, ಮೀನು ಸತ್ತು ಬಿಳಿ ಹೊಟ್ಟೆ ಮೇಲಾಗಿ ತೇಲಿದವು, ಜನ ಅತ್ತರು, ಟೀವಿಯವರು ಬಂದುಹೋದರು. ನೀರು ಮತ್ತೆ ಬಂದ ಮೇಲೆ ಊರವರೆಲ್ಲ ಸೇರಿ ಒಂದು ತೀರ್ಮಾನ ಮಾಡಿದರು: ಊರಂಚಿನ ದಂಡೆಗೆ ಬೇಲಿ ಹಾಕಿ, ಆಡು ದನ ನುಗ್ಗದ ಹಾಗೆ ಮಾಡಿ, ಅಲ್ಲಿ ಮೊದಲು ಏನೇನಿತ್ತೋ ಅದನ್ನೆಲ್ಲ ಮತ್ತೆ ನೆಡಬೇಕು. ಹಿರಿಯರು ಕೂತು ಯಾವ್ಯಾವ ಗಿಡ ಎಂದು ನೆನಪು ಮಾಡಿಕೊಂಡಾಗ ಎಲ್ಲರ ಬಾಯಲ್ಲೂ ಮೊದಲು ಬಂದದ್ದು ಹೊಳೆಪುದೀನ. ಎಲ್ಲರ ಕಣ್ಣೂ ಎಲ್ವಿಯ ಕಡೆ ತಿರುಗಿದವು.

"ಟೈರು ಟೈರೇ ಹೊತ್ಕೊಂಡ್ಹೋಗಿ" ಎಂದಳು ಎಲ್ವಿ. ಆ ದಿನ ಮನೆಗೆ ಬಂದವಳು ಹಾಡು ಗುನುಗುತ್ತಲೇ ಅಡುಗೆ ಮಾಡಿದಳು.

ಗಿಡಗಳನ್ನು ನೋಡಿ ಹೇಳಲು ಹೆಡಿ ಎಂಬ ಹೆಂಗಸು ಬಂದಿದ್ದಳು. ಹೊಳೆ, ಕೆರೆ, ಜೌಗು ಅಲೆದು ಯಾವ ಗಿಡ ಎಲ್ಲಿದೆ ಎಂದು ಗುರುತು ಮಾಡುವುದೇ ಅವಳ ಕೆಲಸ. ಬಿಸಿಲಿಗೆ ಸುಟ್ಟ ಮೂಗು, ಮುಳ್ಳು ಗೀರಿದ ಮೊಣಕೈ, ಕಾರಿನೊಳಗೆ ಮಣ್ಣೋ ಮಣ್ಣು. ಎಲ್ವಿಗೆ ಅವಳು ಹಿಡಿಸಿದಳು. ಯಾರೂ ಒತ್ತಾಯಿಸದೆಯೇ ಎರಡನೇ ಸಲ ಬಡಿಸಿಕೊಂಡು ಉಣ್ಣುವವರು ಎಲ್ವಿಗೆ ಯಾವಾಗಲೂ ಇಷ್ಟ.

ಊಟವಾದ ಮೇಲೆ ಹೆಡಿ ಟೈರುಗಳ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಎಲೆ ಹೊಸಕಿ ಮೂಸಿದಳು, ಬೆಳಕಿಗೆ ಹಿಡಿದು ನೋಡಿದಳು, ಎಲೆಯ ಅಂಚಿನ ಮೇಲೆ ಬೆರಳಾಡಿಸಿದಳು.

"ಆಂಟಿ ಎಲ್ವಿ, ಇದು ಹೂ ಬಿಟ್ಟಾಗ ಹೂವು ಎಲ್ಲಿರುತ್ತೆ?"

ಎಲ್ವಿ ಚಿವುಟಿದ ತುದಿಗಳ ಕಡೆ ಕೈ ತೋರಿಸಿದಳು. "ಹೂ ಬಿಡೋದಕ್ಕೆ ಈ ಊರವರು ಎಲ್ಲಿ ಬಿಡ್ತಾರೆ? ದಿನಾ ಯಾರಾದ್ರೂ ಬಂದು ಚಿವುಟ್ತಾರೆ. ನ್ಯಾನೂ ಹೇಳೋಳು, ಮೊಗ್ಗು ಬರೋಕ್ ಬಿಡ್ಬೇಡ, ಎಲೆ ಕಹಿಯಾಗುತ್ತೆ ಅಂತ."

"ಒಂದು ಟೈರು ಹಾಗೇ ಬಿಡೋಣ್ವಾ? ಬೇಸಿಗೆ ಬರೋವರೆಗೂ?"

"ಯಾಕೆ? ನಂಬಿಕೆ ಇಲ್ವಾ ನಿಂಗೆ?"

"ನಂಗೇ ಗೊತ್ತಾಗ್ತಿಲ್ಲ. ಬರೀ ಎಲೆ ನೋಡಿ ಪುದೀನ ಹೇಳೋಕ್ಹೋಗಿ ಮೋಸ ಹೋಗಿದೀನಿ ನಾನು, ಒಂದ್ಸಲ ಅಲ್ಲ. ಒಂದಕ್ಕೊಂದು ಬೆರೆತು ಮರಿ ಹಾಕ್ತವೆ ಇವು. ದಂಡೆ ಮೇಲೆ ತಪ್ಪು ಗಿಡ ಇಟ್ರೆ ಒಂದೇ ವರ್ಷದಲ್ಲಿ ಎಲ್ಲಾನೂ ತುಳ್ಕೊಂಡು ಹಬ್ಬುತ್ತೆ. ಆಮೇಲೆ ಕೀಳೋಕಾಗಲ್ಲ."

ತಪ್ಪು ಗಿಡ ಎಂಬ ಮಾತು ಎಲ್ವಿಯ ಕಿವಿಯಲ್ಲಿ ಕೂತುಬಿಟ್ಟಿತು. ಆದರೂ ಟೈರೊಂದಕ್ಕೆ ಕೋಳಿಗೂಡಿನ ತಂತಿ ಜಾಲರಿ ಸುತ್ತಿಸಿದಳು. ಹೆಡಿ ಹೊರಟ ಮೇಲೆ ರೋಲಿಗೆ, "ಬಿಡ್ಲಿ ಹೂವು. ಆಮೇಲೆ ಎಲ್ರ ಬಾಯೂ ಮುಚ್ಚುತ್ತೆ" ಎಂದಳು. ಎಲ್ಲರ ಬಾಯಿ ಎಂದರೆ ಯಾರ ಬಾಯಿ ಎಂದು ರೋಲಿಗೆ ಗೊತ್ತಿತ್ತು.

ಚಳಿ ಹೋಯಿತು, ಬಿಸಿಲು ಏರಿತು. ಜಾಲರಿಯ ಒಳಗಿನ ಗಿಡ ಸೊಂಟದೆತ್ತರ ಬೆಳೆದು ಬಳುಕಿತು. ಎಲ್ವಿ ಶಾಲೆಗೆ ಹೊರಡುವ ಮೊದಲು ಕೈಯಲ್ಲಿ ಟೀ ಲೋಟ ಹಿಡಿದು ಅದರ ಮುಂದೆ ನಿಲ್ಲುತ್ತಿದ್ದಳು. ನೋಡುತ್ತಿಲ್ಲವೆನ್ನುವ ಹಾಗೆ ನೋಡುತ್ತಿದ್ದಳು. ಕ್ರಿಸ್‌ಮಸ್ ರಜೆ, ಅಂದರೆ ಅಲ್ಲಿಯ ನಡುಬೇಸಿಗೆ, ಶುರುವಾದ ಮೇಲೆ ಒಂದು ಬೆಳಗ್ಗೆ ಹೂವು ಬಂತು. ಕಾಂಡಗಳ ನೆತ್ತಿಯ ಮೇಲೆ ತೆಳ್ಳಗೆ, ಉದ್ದಕ್ಕೆ, ತೆನೆಯ ಹಾಗೆ. ಮಾಸಲು ನೇರಳೆ ಬಣ್ಣದ ಚಿಕ್ಕ ಚಿಕ್ಕ ಹೂವು ಒತ್ತೊತ್ತಾಗಿ ತುದಿಯವರೆಗೂ.

ಹೆಡಿ ಹೋಗುವ ಮೊದಲು ಹೇಳಿದ್ದಳು. ಹೊಳೆಪುದೀನ ನೆತ್ತಿಯಲ್ಲಿ ಹೂ ಬಿಡುವುದಿಲ್ಲ. ಎಲೆ ಕಾಂಡಕ್ಕೆ ಸೇರುವ ಕಂಕುಳಲ್ಲಿ, ಗೆಣ್ಣು ಗೆಣ್ಣಿಗೂ ಒಂದೊಂದು ಪುಟ್ಟ ಗೊಂಚಲು, ಬಿಳಿಯದು. ತುದಿಯಲ್ಲಿ ಎಲೆಯೇ ಇರುತ್ತದೆ.

ಎಲ್ವಿ ಟೀ ಚೆಲ್ಲಿ, ಟೈರಿನ ಅಂಚಿನ ಮೇಲೆ ಕೂತಳು. ಹೊರಗೆ ಬಂದ ರೋಲಿ ಅವಳನ್ನೂ ನೋಡಿದ, ಗಿಡವನ್ನೂ ನೋಡಿದ, ಬೆನ್ನು ಹಿಡಿದುಕೊಂಡು ಪಕ್ಕದ ಟೈರಿನ ಮೇಲೆ ಕೂತ.

"ತೋಟದ್ದೇ" ಎಂದಳು ಎಲ್ವಿ.

"ಹೂಂ."

"ಆಸ್ಪತ್ರೆಗೆ ಕೊಟ್ಟೆ. ಶಾಲೆಗೆ ಕೊಟ್ಟೆ. ಅಮ್ಮನ ಪೆಟ್ಟಿಗೆ ಮೇಲಿಟ್ಟೆ."

"ತಾನ್ಯಾರು ಅಂತ ಗಿಡಕ್ಕೆ ಗೊತ್ತಿಲ್ಲ ಬಿಡೇ. ನೆಗಡಿಗೂ ಗೊತ್ತಿಲ್ಲ. ಇಷ್ಟು ವರ್ಷ ಪಾಪ ಬಿಟ್ಟೋಡಿದೆ."

ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಅಜ್ಜಿ ಸುಳ್ಳು ಹೇಳಿದಳೇ ಎಂಬುದು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಯಾವ ದೊಡ್ಡವರು ಏನು ಹೇಳಿದರೂ ಅರ್ಧ ನಂಬಿ ಅರ್ಧ ಬಿಡುತ್ತಿದ್ದ ಎಲ್ವಿ, ಒಬ್ಬಳ ಮಾತನ್ನು ಮಾತ್ರ ಹಾಗೇ ನುಂಗಿದ್ದಳು. ಆ ವಾರವಿಡೀ ಯಾರಾದರೂ ಪುದೀನಕ್ಕೆ ಬಂದರೆ ರೋಲಿಯೇ ಬಾಗಿಲಿಗೆ ಹೋದ.

ಕಡೆಗೆ ಅವಳೇ ಹೆಡಿಗೆ ಫೋನು ಮಾಡಿದಳು. ಬೇರೆ ಕೆಲಸದ ಮೇಲೆ ಆ ಕಡೆ ಬಂದಾಗ ಹೆಡಿ ಮನೆಗೇ ಬಂದಳು. ಹೂ ನೋಡಿ ತಲೆಯಾಡಿಸಿದಳೇ ಹೊರತು, ನಾನು ಹೇಳಿರಲಿಲ್ಲವೇ ಎನ್ನಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ತನ್ನ ಕಂಪ್ಯೂಟರ್ ತೆರೆದು ದೇಶದ ನಕಾಶೆ ತೋರಿಸಿದಳು. ಹೊಳೆಪುದೀನ ಕಂಡಲ್ಲೆಲ್ಲ ಒಂದೊಂದು ಚುಕ್ಕಿ. ಪಶ್ಚಿಮದ ರಾಜ್ಯ ಬೋಳು. ಉಳಿದ ಕಡೆ ಚುಕ್ಕಿಗಳು ಒಟ್ಟಿಗೆ ಎಲ್ಲೂ ಬಿದ್ದಿರಲಿಲ್ಲ. ದಾರದಲ್ಲಿ ಪೋಣಿಸಿದ ಹಾಗೆ ಸಾಲಾಗಿ ಹೋಗಿದ್ದವು. ಎಲ್ವಿ ಕನ್ನಡಕ ಏರಿಸಿಕೊಂಡು ಬಗ್ಗಿದಳು.

"ಇದು ಹೊಳೆ ಅಲ್ವಾ? ಹೊಳೆ ಗೆರೇನೇ ಹಾಕಿಲ್ಲ ನೀನು, ಆದ್ರೂ ಹೊಳೆ ಕಾಣುತ್ತೆ."

"ಅದೇ. ಪ್ರವಾಹ ಏರಿ ಇಳಿಯೋ ಕಪ್ಪು ಜೇಡಿ ಮಣ್ಣು ಬೇಕು ಇದಕ್ಕೆ. ಹೊಳೆ ಎಲ್ಲಿ ಹೋಗುತ್ತೋ ಅಲ್ಲಿ ಹೋಗಿದೆ. ಇದನ್ನ ಯಾರೂ ಕುಂಡದಲ್ಲಿಟ್ಕೊಂಡು ಹಡಗಲ್ಲಿ ತರ್ಲಿಲ್ಲ, ಆಂಟಿ. ನಿಮ್ಮ ಟೈರಲ್ಲಿರೋದು ಹಡಗಲ್ಲಿ ಬಂದಿದ್ದು."

"ನಮ್ಮೂರು ಎಲ್ಲಿ ಇದ್ರಲ್ಲಿ?"

ಹೆಡಿ ಬೆರಳಿಟ್ಟಳು. ದಾರ ಅಲ್ಲಿ ಕಡಿದಿತ್ತು. ಮೇಲೆ ದೂರದಲ್ಲಿ ಒಂದು ಚುಕ್ಕಿ, ನಡುವೆ ಖಾಲಿ, ಕೆಳಗೆ ಮತ್ತೆ ಶುರು. "ನೂರು ವರ್ಷದ ಮೇಲಾಯ್ತು ಇಲ್ಲಿ ಕುರಿ ಬಂದು. ಆಮೇಲೆ ಆಡು. ಮೆದು ಚಿಗುರು, ಮೊದಲು ಇದನ್ನೇ ತಿಂದಿರ್ತವೆ."

"ಈ ಕೆಳಗಿನ ಚುಕ್ಕಿ ಯಾವ ಊರು?"

ಹೆಡಿ ಹೆಸರು ಹೇಳಿದಳು. ಒಲೆಯ ಹತ್ತಿರ ನಿಂತಿದ್ದ ರೋಲಿ ಕೆಮ್ಮಿನ ನೆಪದಲ್ಲಿ ಆಚೆ ತಿರುಗಿ ನಕ್ಕ. ಅದು ವರ್ನಾಳ ಊರು.

ಎಲ್ವಿಗೆ ಒಪ್ಪಿಕೊಳ್ಳಲು ಇನ್ನೂ ಕೆಲವು ದಿನ ಬೇಕಾಯಿತು. ಬಟ್ಟೆ ಒಗೆದಳು, ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಒಂದು ಬೆಳಗ್ಗೆ ಸಿಹಿಯ ದೊಡ್ಡ ಬೋಗುಣಿ ಒಲೆಯ ಮೇಲಿಂದ ಇಳಿದದ್ದನ್ನು ನೋಡಿ ರೋಲಿ ಏನೂ ಕೇಳದೆ ಕಾರಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂದ.

ದಾರಿಯುದ್ದಕ್ಕೂ ಕೆಂಪು ಮಣ್ಣು, ಬೂದು ಪೊದೆ, ಅಲ್ಲಲ್ಲಿ ಗುಂಪಾಗಿ ನಿಂತು ನೋಡುವ ಎಮುಗಳು. ಎಲ್ವಿ ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು ಏನು ಹೇಳಬೇಕೆಂದು ಮನಸ್ಸಿನಲ್ಲೇ ಮತ್ತೆ ಮತ್ತೆ ಉರು ಹೊಡೆಯುತ್ತಿದ್ದಳು. ವರ್ನಾಳ ಮನೆಯ ಮುಂದೆ ಕಾರು ನಿಂತಾಗ ಕಲಿತದ್ದೆಲ್ಲ ಮರೆತುಹೋಯಿತು.

ವರ್ನಾ ಜಗಲಿಯಲ್ಲಿ ಕಾಲು ಚಾಚಿ ಕೂತು ರೇಡಿಯೋದಲ್ಲಿ ಕ್ರಿಕೆಟ್ ಕೇಳುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಂದು ಮೊಣಕಾಲಿಗೆ ಪಟ್ಟಿ. ಕಾರಿನಿಂದ ಇಳಿದವರನ್ನು ನೋಡಿದಳು, ರೇಡಿಯೋದ ಸದ್ದು ತಗ್ಗಿಸಲಿಲ್ಲ.

"ಯಾರು ಸತ್ರು?" ಎಂದಳು.

"ಯಾರೂ ಇಲ್ಲ."

"ಮತ್ತೆ ನೀನ್ಯಾಕೆ ಬಂದೆ?"

ಎಲ್ವಿ ಮೆಟ್ಟಿಲ ಕೆಳಗೇ ನಿಂತಳು. "ಹೂ ಬಿಟ್ಟಿತ್ತು ಅಕ್ಕ. ನೆತ್ತಿ ಮೇಲೆ."

ವರ್ನಾ ರೇಡಿಯೋ ಆರಿಸಿದಳು. ಆಮೇಲೆ ಬೋಗುಣಿಯ ಕಡೆ ಗದ್ದ ಎತ್ತಿ, "ಅದ್ರಲ್ಲೇನಿದೆ?" ಎಂದಳು.

"ಸಿಹಿ. ನೀ ಮಾಡೋಷ್ಟು ಚೆನ್ನಾಗಿಲ್ಲ."

"ಅದು ನಂಗೆ ವಾಸನೇಲೇ ಗೊತ್ತಾಯ್ತು. ಬಾ ಒಳಗೆ. ರೋಲಿ, ನೀನೂ ಬಾರೋ, ಬಾಗಿಲಲ್ಲಿ ನಿಂತ್ಕೊಂಡು ಜೊಲ್ಲು ಸುರಿಸ್ಬೇಡ."

ರೋಲಿ ಸಿಹಿಯೂ ತಿಂದ, ವರ್ನಾಳ ಸೋಫಾದ ಮೇಲೆ ಬೆನ್ನು ಚಾಚಿ ನಿದ್ದೆಯೂ ಹೋದ. ಅಕ್ಕತಂಗಿಯರು ಊರ ಹಿಂದಿನ ಕೊಳಕ್ಕೆ ನಡೆದರು. ಹೊಳೆ ಎಂದೋ ದಾರಿ ಬದಲಿಸಿದಾಗ ಬಿಟ್ಟುಹೋದ ಬಾಗಿದ ನೀರು ಅದು. ಸುತ್ತ ದಪ್ಪ ಬೊಡ್ಡೆಯ ನೀಲಗಿರಿ ಮರಗಳು. ವರ್ನಾ ಕುಂಟುತ್ತಿದ್ದಳು, ಎಲ್ವಿ ತೋಳು ಕೊಟ್ಟಳು, ವರ್ನಾ ಹಿಡಿದುಕೊಂಡಳು. ನೀರಂಚಿನ ಬಿರುಕು ಮಣ್ಣಿಗೆ ಬಂದಾಗ ಎಲ್ವಿಯ ಮೂಗಿಗೆ ಏನೋ ತಾಗಿತು. ಪುದೀನವೇ, ಆದರೆ ಅವಳ ಟೈರಿನದಲ್ಲ. ಸಿಹಿ ಇಲ್ಲ, ಮೆಣಸಿನ ಹಾಗೆ ಮೂಗಿನ ಮೇಲ್ಭಾಗಕ್ಕೆ ನೇರ ಏರುವ ಒಣ ಘಾಟು.

"ಕಾಲ್ ಕೆಳಗೆ ನೋಡು" ಎಂದಳು ವರ್ನಾ.

ಎಲ್ವಿ ಅದರ ಮೇಲೆಯೇ ನಿಂತಿದ್ದಳು. ಹುಲ್ಲಿನ ನಡುವೆ ಅತ್ತಿತ್ತ ಒರಗಿ ಹಬ್ಬಿದ ತೆಳ್ಳನೆ ಗಿಡ. ಎಲೆ ಸಣ್ಣದು, ಈಟಿಯ ಮೊನೆಯ ಹಾಗೆ ಕಿರಿದು. ತನ್ನ ಪುದೀನದ ಎಲೆಯ ಗರಗಸದಂಥ ಅಂಚು ಇದಕ್ಕಿಲ್ಲ. ನೋಡಿದರೆ ಯಾರೂ ಎರಡನೇ ಸಲ ತಿರುಗಿ ನೋಡದ ಗಿಡ. ಎಲ್ವಿ ಮಂಡಿಯೂರಿದಳು. ಕಾಂಡ ಮುಟ್ಟಿದಳು, ನಾಲ್ಕು ಮೂಲೆ. ಎಲೆಗಳ ಬುಡದಲ್ಲಿ, ಗೆಣ್ಣು ಗೆಣ್ಣಿಗೂ, ಯಾರಿಗೂ ಕಾಣಬಾರದೆಂದು ಬಚ್ಚಿಟ್ಟ ಹಾಗೆ ಬಿಳಿಯ ಹೂವಿನ ಪುಟ್ಟ ಗೊಂಚಲುಗಳು.

"ಇಷ್ಟು ಬಡಕಲಾಗಿದೆಯಲ್ಲೇ" ಎಂದಳು. ಕಣ್ಣು ತುಂಬಿ ಬಂದಿತ್ತು.

"ನಿನ್ನ ಟೈರಿನ ಗೊಬ್ಬರ ತಿಂದು ಕೊಬ್ಬಿಲ್ಲ ಪಾಪ."

ಎಲ್ವಿ ನಗುತ್ತಲೇ ಅತ್ತಳು. ಆಮೇಲೆ ಕೇಳಿದಳು: "ನ್ಯಾನ್‌ಗೆ ಗೊತ್ತಿತ್ತಾ?"

ವರ್ನಾ ಒಂದು ಬೇರಿನ ಮೇಲೆ ಕೂತು ಮೊಣಕಾಲು ನೀವಿಕೊಂಡಳು. "ಗೊತ್ತಿತ್ತು. ನಮ್ಮಮ್ಮಂಗೆ ಮಾತ್ರ ಹೇಳಿದ್ಳು, ಮೊದಲ ಮಗಳು ಅಂತ. ನಮ್ಮೋರ್ನೆಲ್ಲ ಸರ್ಕಾರದೋರು ಟ್ರಕ್ಕಲ್ಲಿ ತುಂಬಿ ಆ ಮರಳುಗುಡ್ಡದ ಕೇರಿಗೆ ಹಾಕಿದ್ರಲ್ಲ, ಗೊತ್ತಲ್ಲ. ಹೊಳೆ ಇಲ್ಲ, ಕೆರೆ ಇಲ್ಲ. ಚೀಟಿ ಇಲ್ದೆ ಆಚೆ ಹೋಗೋ ಹಾಗಿಲ್ಲ. ನಮ್ಮಮ್ಮ, ನಿಮ್ಮಮ್ಮ ಇಬ್ರೂ ಹುಟ್ಟಿದ್ದು ಅಲ್ಲೇ. ಹೊಳೇನೇ ನೋಡ್ದೆ ಬೆಳೆಯೋ ಹೆಣ್ಣುಮಕ್ಕಳಿಗೆ ಹೊಳೆ ಗಿಡ ಹೆಂಗ್ ಹೇಳ್ಕೊಡ್ತಾಳೆ? ಆ ಕಡೆ ತರಕಾರಿ ಮಾರ್ಕೊಂಡು ಗಾಡೀಲಿ ಬರೋನು ಒಬ್ಬ ಚೀನಾ ಮುದುಕ. ಲುಮ್ ಅಂತ. ಅವನ ತೋಟದಲ್ಲಿ ಪುದೀನ ಇತ್ತು. ನ್ಯಾನ್ ಅವನಿಗೆ ಬಟ್ಟೆ ಹೊಲ್ಕೊಟ್ಟು ಒಂದು ಬೇರು ಇಸ್ಕೊಂಡ್ಳು."

"ಅದನ್ನೇ ಹೊಳೇದು ಅಂದ್ಳು."

"ಅದನ್ನ ಹಿಡ್ಕೊಂಡು ಹೊಳೇದರ ಪಾಠ ಮಾಡಿದ್ಳು. ಹೆಂಗ್ ಮುಟ್ಬೇಕು, ಹೆಂಗ್ ಮೂಸ್ಬೇಕು, ಯಾವುದಕ್ಕೆ ಕಟ್ಬೇಕು. ಅಲ್ಲಿ ಮೀನೆಲ್ಲಿಂದ ಬರ್ಬೇಕು? ಪಡಿತರದ ಕುರಿಮಾಂಸದ ಕೆಳಗೆ ಹಾಸಿ, ಇದೇ ಮೀನು ಅಂದ್ಕೊಳ್ಳಿ ಅಂತಿದ್ಳಂತೆ. ಒಂದಿನ ವಾಪಸ್ ಹೋಗ್ತೀವಿ, ಆಗ ನಿಜವಾದ್ದು ತೋರಿಸ್ತೀನಿ ಅಂತ ನಮ್ಮಮ್ಮನ ಕಿವೀಲಿ ಮಾತ್ರ ಹೇಳೋಳಂತೆ. ವಾಪಸ್ ಬರೋ ಹೊತ್ತಿಗೆ ಬೆಂಡ್‌ನಲ್ಲಿ ಒಂದು ಕಡ್ಡಿ ಉಳಿದಿರ್ಲಿಲ್ಲ. ಹುಡುಕಿದ್ಳಂತೆ, ವರ್ಷಗಟ್ಲೆ. ಆಮೇಲೆ ಬಿಟ್ಬಿಟ್ಳು. ಕೈಲಿದ್ದುದನ್ನೇ ಸಾಕಿದ್ಳು."

ಕೊಳದಲ್ಲಿ ಒಂದು ಕೊಕ್ಕರೆ ಕಾಲೆತ್ತಿ ಇಟ್ಟಿತು. ಎಲ್ವಿ ಎಲೆಯೊಂದನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದಳು. ಇಷ್ಟು ದಿನ ಚುಚ್ಚುತ್ತಿದ್ದ ಮುಳ್ಳು ಯಾವಾಗ ಹೊರಬಂತೋ ತಿಳಿಯಲಿಲ್ಲ. ಬದಲಿಗೆ, ಮರಳುಗುಡ್ಡದ ಮೇಲೆ ಬೇಲಿಯೊಳಗೆ ನಿಂತು, ಯಾರದೋ ತೋಟದ ಗಿಡಕ್ಕೆ ತನ್ನ ಹೊಳೆಯ ಮಾತೆಲ್ಲ ಹೇಳಿಕೊಡುತ್ತಿದ್ದ ಎಳೆಯ ಐವಿ ಕಣ್ಣಿಗೆ ಕಟ್ಟಿದಳು.

"ಇದನ್ನ ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಂದಿದ್ದೆನಲ್ಲ! ಪೆಟ್ಟಿಗೆ ಮೇಲೆ ಅದನ್ನ ನೋಡಿ ನಂಗೆ ಅಳು ಬಂತು. ನ್ಯಾನ್ ಕಥೆ ಹೇಳೋಣ ಅಂತ ಬಂದೆ. ಮೊದಲ ಮಾತು ಬಾಯಿಂದ ಬರ್ತಿದ್ದ ಹಾಗೇ ಆಚೆ ನೂಕಿದೆ ನನ್ನ."

"ಮೊದಲ ಮಾತು ಅದೇ ಆಗ್ಬೇಕಿತ್ತಾ ನಿಂಗೆ?"

ವರ್ನಾ ಯೋಚಿಸಿದಳು. "ಅದೂ ನಿಜ. ಶುರು ಮಾಡೋದು ನಂಗೆ ಯಾವಾಗ್ಲೂ ಬರಲ್ಲ."

ಅವರು ಬೇರುಸಮೇತ ಸ್ವಲ್ಪವೇ ಎತ್ತಿದರು. ಆ ಕೊಳ ನೋಡಿಕೊಳ್ಳುವ ಹಿರಿಯನನ್ನು ಕೇಳಿ, ಅವನು ತೋರಿಸಿದ ಕಡೆಯಿಂದ. ಒದ್ದೆ ಗೋಣಿಯಲ್ಲಿ ಸುತ್ತಿ ತಂದದ್ದನ್ನು ಎಲ್ವಿ ಶಾಲೆಯ ಹಿಂದಿನ ನೆರಳಿನಲ್ಲಿ ಹೊಳೆಯ ಮಣ್ಣಲ್ಲೇ ಬೆಳೆಸಿದಳು. ಆ ನಡುವೆ, ತಾನು ಕೊಟ್ಟದ್ದು ತೋಟದ ಪುದೀನವೆಂದು ಆಸ್ಪತ್ರೆಯವರಿಗೆ ಹೇಳಿದಳು, ಊರ ಹಿರಿಯರಿಗೆ ಹೇಳಿದಳು. ಕಷ್ಟವಾದದ್ದು ಮಕ್ಕಳಿಗೆ ಹೇಳುವುದು. ಎರಡೂ ಗಿಡ ಎದುರಿಗಿಟ್ಟು, ಒಂದೊಂದರ ಎಲೆ ಎಲ್ಲರ ಕೈಗೂ ಕೊಟ್ಟು, ಮರಳುಗುಡ್ಡದ ಕಥೆಯನ್ನೆಲ್ಲ ಹೇಳಿದಳು. ಮುಂದೆ ಕೂತಿದ್ದ ಒಬ್ಬಳು ಕೇಳಿದಳು, "ಹಾಗಾದ್ರೆ ನಿಮ್ ನ್ಯಾನ್ ಸುಳ್ಳಿ?"

ಎಲ್ವಿಗೆ ಕೋಪ ಬರಲಿಲ್ಲ. "ನಿಮ್ಮಜ್ಜಿ ನಿಂಗೆ ಕೋಲು ಕೊಟ್ಟು ಕುದುರೆ ಓಡಿಸೋದು ಹೇಳ್ಕೊಡ್ಲಿಲ್ವಾ?" ಎಂದಳು.

"ಕೊಟ್ರು."

"ಅದು ಕುದುರೇನಾ?"

"ಅಲ್ಲ. ಆದ್ರೆ ನಂಗೆ ಈಗ ಕುದುರೆ ಓಡ್ಸೋಕೆ ಬರುತ್ತೆ."

"ಹಂಗೇ" ಎಂದಳು ಎಲ್ವಿ.

ಬಿಸಿಲು ತಗ್ಗಿದ ಮೇಲೆ ಬೇಲಿಯೊಳಗಿನ ದಂಡೆಯಲ್ಲಿ ಸಸಿ ನೆಟ್ಟರು. ನೆಡಲೆಂದು ಬಂದ ವರ್ನಾ ಕುರ್ಚಿಯಲ್ಲಿ ಕೂತು ಎಲ್ಲರಿಗೂ ಅಲ್ಲಿ ಬೇಡ, ಇಲ್ಲಿ ಬೇಡ ಎಂದಳು. ಆ ವರ್ಷ ಉತ್ತರಕ್ಕೆ, ಹೊಳೆಯ ಮೇಲ್ಭಾಗದಲ್ಲಿ ಮಳೆ ಜೋರಾಗಿ ಬಾರ್ಕಾ ಉಕ್ಕಿತು. ಬೇಲಿ ಮುಳುಗಿತು, ಗೂಟಗಳು ತೇಲಿಹೋದವು, ನೀರು ವಾರಗಟ್ಟಲೆ ನಿಂತಿತು. ಇಳಿದ ಮೇಲೆ ನೆಟ್ಟ ಜಾಗದಲ್ಲಿ ಕಪ್ಪು ಕೆಸರು ಬಿಟ್ಟರೆ ಏನೂ ಇಲ್ಲ. ಎಲ್ವಿ ದಂಡೆಯ ಮೇಲೆ ನಿಂತು ನೋಡಿದಳು. ಬೇಸರವಾಯಿತು, ಆದರೆ ಹೊಳೆ ತುಂಬಿ ಹರಿದದ್ದನ್ನು ನೋಡಿದ ಯಾರೂ ಆ ವರ್ಷ ಬಹಳ ಬೇಸರಪಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ರೋಲಿ ಮೀನಿಗೆ ಹೋದವನು ಬೇಗ ವಾಪಸ್ ಬಂದ. ಕೈಯಲ್ಲಿ ಮೀನಿರಲಿಲ್ಲ, ಹೊಳೆಯನ್ನೂ ಬೈಯಲಿಲ್ಲ. ಬೂಟು ಬಿಚ್ಚಿ ಎಲ್ವಿಯ ಮುಂದೆ ಹಿಡಿದ.

"ಮೂಸು."

"ಥೂ! ತಲೆ ಕೆಟ್ಟಿದ್ಯಾ ನಿಂಗೆ?"

"ಮೂಸೇ ಮಾರಾಯ್ತಿ!"

ಬೂಟಿನ ಅಟ್ಟೆಗೆ ಅಂಟಿದ್ದ ಕೆಸರಿನಿಂದ ಅದೇ ಒಣ ಘಾಟು ಬರುತ್ತಿತ್ತು. ನೆಟ್ಟ ಜಾಗದಲ್ಲಲ್ಲ, ಬೇಲಿಯಿಂದ ಆಚೆ, ಹೊಳೆ ತಿರುಗುವ ಮೂಲೆಯಲ್ಲಿ, ಬಿದ್ದ ಮರದ ಹಿಂದೆ ಒಂದು ಕೋಣೆಯಷ್ಟು ಅಗಲಕ್ಕೆ ಹಬ್ಬಿತ್ತು. ಹೂವೂ ಇತ್ತು, ಗೆಣ್ಣುಗಳಲ್ಲಿ. ಹೆಡಿ ಬಂದು ನೋಡಿ ಹೇಳಿದಳು: "ನೀವು ನೆಟ್ಟಿದ್ದೇ ಕೊಚ್ಕೊಂಡು ಬಂದಿರ್ಬಹುದು. ಮೇಲಿಂದ ಬೀಜ ತೇಲಿ ಬಂದಿರ್ಬಹುದು. ಇಲ್ಲಾ ಇಷ್ಟು ವರ್ಷ ಇಲ್ಲೇ ಮಣ್ಣಲ್ಲಿ ಬೀಜ ಮಲಗಿದ್ದಿರ್ಬಹುದು. ಹೇಳೋಕಾಗಲ್ಲ." ಮೂರರಲ್ಲಿ ಯಾವುದು ಎಂಬುದರ ಮೇಲೆ ಊರಿನಲ್ಲಿ ಮೂರು ಪಕ್ಷವಾಯಿತು. ತನ್ನ ಕೊಳದ್ದೇ, ಹಟ ನೋಡಿದರೇ ಗೊತ್ತಾಗುತ್ತದೆ ಎಂದು ವರ್ನಾ ಫೋನಿನಲ್ಲಿ ಸಾಧಿಸಿದಳು. ಎಲ್ವಿ ಯಾವ ಪಕ್ಷವನ್ನೂ ಸೇರಲಿಲ್ಲ. ಹೆಡಿಯ ನಕಾಶೆಯಲ್ಲಿ ಟಾಲಿಸ್ ಬೆಂಡ್ ಮೇಲೆ ಚುಕ್ಕಿ ಬಿದ್ದದ್ದನ್ನು ಮಾತ್ರ ತೋರಿಸೆಂದು ಕೇಳಿ ಎರಡು ಸಲ ನೋಡಿದಳು.

ಟೈರುಗಳು ಈಗಲೂ ಹಿತ್ತಲಲ್ಲಿವೆ. ಅವುಗಳಲ್ಲಿರುವುದನ್ನು ಊರವರು ಈಗ ಐವಿ ಪುದೀನ ಎನ್ನುತ್ತಾರೆ. ಅದು ದಂಡೆಗೆ ಇಳಿಯದಂತೆ ರೋಲಿ ಕಾವಲು ಕಾಯುತ್ತಾನೆ. ಎಲ್ವಿ ಶಾಲೆಯ ಕೆಲಸ ಬಿಟ್ಟಳು. ಹೆಡಿ ಹೊಳೆಯ ಮೇಲ್ಭಾಗಕ್ಕೆ ಹೊರಟಾಗಲೆಲ್ಲ ಅಕ್ಕತಂಗಿಯರಿಬ್ಬರೂ ಹಿಂದಿನ ಸೀಟಿನಲ್ಲಿ ಹೋಗಿ ಕೂರುತ್ತಾರೆ. ದಂಡೆ ದಂಡೆ ಇಳಿದು ನೋಡುತ್ತಾರೆ, ಸಿಕ್ಕ ಹಳಬರನ್ನು ಮಾತಾಡಿಸುತ್ತಾರೆ. ಅಜ್ಜಿಗೆ ನೆನಪಾಗದ ಆ ಹೆಸರಿಗಾಗಿ, ಈ ಗಿಡಕ್ಕೆ ನಿಮ್ಮ ಕಡೆ ಏನಂತೀರಿ ಎಂದು ಎಲ್ವಿ ಎಲ್ಲರನ್ನೂ ಕೇಳುತ್ತಾಳೆ. ಕೆಲವರು ಒಂದು ಹೆಸರು ಹೇಳುತ್ತಾರೆ, ಕೆಲವರು ಇನ್ನೊಂದು. ಕಿಟಕಿ ತೆರೆದರೆ ಧೂಳು ಎಂದು ವರ್ನಾ, ಮುಚ್ಚಿದರೆ ಸೆಕೆ ಎಂದು ಎಲ್ವಿ. ಮುಂದೆ ಕೂತ ಹೆಡಿ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಕಾರು ಓಡಿಸುವುದನ್ನು ಕಲಿತಿದ್ದಾಳೆ.